ಅಂಗಳದಲ್ಲಿ ರೋಡ್‌ಕಿಂಗ್

ಎಮ್ಮೆಗೆ ಗುದ್ದಿದ ಯೆಜ್ಡಿ ರೋಡ್‌ಕಿಂಗ್ ಬೈಕನ್ನು ಗುಜರಿಗೆ ಹಾಕಿ ಅಂದರು ಮನೆಯಾಕೆ. ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರು ಅದನ್ನು ಅಂಗಳದಲ್ಲಿ ನಿಲ್ಲಿಸಿ, ಹಳೇ ಪಂಚೆ ಹಾಸಿ ಸ್ಪ್ಯಾನರ್‌ಗಳನ್ನು ಹರಡಿಕೊಂಡರು. ಎಮ್ಮೆಗೆ ಏನೂ ಆಗಿರಲಿಲ್ಲ.

ಊರಭಿಮಾನವೂ ಇತ್ತೆನ್ನಿ. 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ತಯಾರಾದದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ. ತವರೂರಲ್ಲೇ ಮಗಳನ್ನು ಗುಜರಿಗೆ ಹಾಕುವುದುಂಟೆ?

ಗುದ್ದಿದ ಗಾಡಿಯಲ್ಲಿ ಕಣ್ಣಿಗೆ ಕಾಣುವ ಪೆಟ್ಟು ಅಗ್ಗದ್ದು, ಕಾಣದ್ದೇ ದುಬಾರಿ. ಒಡೆದ ಹೆಡ್‌ಲೈಟು, ಸೊಟ್ಟಗಾದ ಹ್ಯಾಂಡಲ್ಲು ಬೇಗ ಬದಲಾದವು. ಫೋರ್ಕಿನ ಕೊಳವೆ ನೆಟ್ಟಗಿದೆಯೇ? ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಬೇಕು. ಬಾಗಿದ್ದರೆ ಕುಂಟುತ್ತಾ ಉರುಳುತ್ತದೆ. ಅದಕ್ಕಾಗಿ ಊಟದ ಮೇಜಿನ ಗಾಜೇ ಅಂಗಳಕ್ಕೆ ಬಂತು. ಅವತ್ತು ಎಲ್ಲರಿಗೂ ನೆಲದ ಮೇಲೆ ಊಟ. ಎರಡೂ ಚಕ್ರಕ್ಕೆ ದಾರ ಹಿಡಿದು ಸಾಲು ನೋಡಿದ್ದಾಯಿತು. ರಿಮ್ಮಿನ ಓಲಾಟ ತೆಗೆಯಲು ಕಡ್ಡಿಗಳನ್ನು ಒಂದೊಂದಾಗಿ ಬಿಗಿದು, ಸಡಿಲಿಸಿ, ಮತ್ತೆ ಬಿಗಿದು... ವೀಣೆಗೆ ಶ್ರುತಿ ಮಾಡುವುದೇ ವಾಸಿ. ಫ್ರೇಮು ಬಿರುಕು ಬಿಟ್ಟಿದ್ದರೆ ಹಟವನ್ನೂ ಬಿಡಬೇಕಿತ್ತು, ಸದ್ಯ, ಬಿಟ್ಟಿರಲಿಲ್ಲ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ. ಅಂಗಡಿಯವ ಹೇಳಿದ ಬೆಲೆ ಒಂದು, ಮನೆಯಲ್ಲಿ ಹೇಳಿದ್ದು ಇನ್ನೊಂದು.

ಆ ಕಾಲದ ಯೆಜ್ಡಿಯಲ್ಲಿ ಕಿಕ್ಕರಿಗೂ ಗೇರಿಗೂ ಒಂದೇ ಲಿವರ್. ಏಳನೇ ಒದೆತಕ್ಕೆ ಎಂಜಿನ್ ಎದ್ದಿತು. ಆಯಿಲ್ ಬೆರೆಸಿದ ಪೆಟ್ರೋಲಿನ ಹೊಗೆ ಎರಡೂ ಸೈಲೆನ್ಸರ್‌ಗಳಿಂದ ನುಗ್ಗಿ, ಬಿಸಿಲಿಗಿಟ್ಟಿದ್ದ ಹಪ್ಪಳಗಳಿಗೆಲ್ಲ ಹೊಸ ಒಗ್ಗರಣೆ.

ಪಂಚೆಯ ಮೇಲೆ ಎರಡು ನಟ್ಟು ಉಳಿದಿವೆ. ಯಾವುದರವೆಂದು ತಿಳಿಯುವ ತನಕ ಮೇಷ್ಟ್ರ ಹಿಂದೆ ಹೋಗುವವರು ಸ್ವಲ್ಪ ದೂರದಲ್ಲೇ ಇರಿ.