ಮೂರಾಣೆಯ ಲೆಕ್ಕ

ಹಿಂಡಲಗಾ ಅಂದರೆ ದೂರದವರಿಗೆ ನೆನಪಾಗುವುದು ಸೆಂಟ್ರಲ್ ಜೈಲು, ಭಕ್ತರಿಗೆ ಗಣಪತಿ ಗುಡಿ. ಬೆಳಗಾವಿಯ ನೀರಿನ ಕಥೆ ಬಲ್ಲವರಿಗೆ ಮಾತ್ರ ಪಂಪ್‌ಹೌಸು. ಮಾರ್ಕಂಡೇಯ ನದಿಯನ್ನು ರಾಕಸಕೊಪ್ಪದಲ್ಲಿ ತಡೆದು ನಿಲ್ಲಿಸಿದ ನೀರು ನಮ್ಮೂರಿಗೆ ಬಂದು, ಇಲ್ಲಿಂದ ಶಹರಕ್ಕೆ ಏರುತ್ತದೆ. “ನೀರು ಅವರಿಗೆ, ಸಪ್ಪಳ ನಮಗ” ಎಂಬುದು ನಮ್ಮ ಮನೆಯಾಕೆಯ ಹಳೇ ಟೀಕೆ.

ಹಾಗೆ ನೋಡಿದರೆ ನಮಗೇನೂ ಕೊರತೆಯಿರಲಿಲ್ಲ. ಹಿತ್ತಲಲ್ಲಿ ಅಜ್ಜ ತೋಡಿಸಿದ ಬಾವಿಯಿತ್ತು. ಮನೆಗೆ ನಳ ಬಂದ ಮೇಲೆ ಅದು ಪಡಸಾಲೆ ಮೂಲೆಯ ಮುದಿ ಕಾಕಾನಂತೆ ಆಯಿತು. ಮೇಲಿನ ಜಾಳಿಗೆಯ ಮೇಲೆ ಸಂಡಿಗೆ ಒಣಗುತ್ತಿತ್ತು. ತಳದಲ್ಲಿ ಮೊಮ್ಮಗನ ಎರಡು ಚೆಂಡು, ನನ್ನದೊಂದು ಹವಾಯಿ ಚಪ್ಪಲಿ. ಒಂದು ಏಪ್ರಿಲ್‌ನಲ್ಲಿ ನಳ ಐದು ದಿನ ಮೌನವ್ರತ ಹಿಡಿಯಿತು ನೋಡಿ, ಸಂಡಿಗೆ ಎತ್ತಿ ಕಾಕಾನ ಮುಂದೆ ಕೈಮುಗಿದು ನಿಂತೆವು.

ಇದು ನಮ್ಮ ಮನೆಯ ನಾಚಿಕೆಯಷ್ಟೇ ಅಲ್ಲ, ಶಹರದ್ದೂ ಹೌದು. ನದಿಯ ನೀರು ನಳಕ್ಕೆ ಬಂದದ್ದೇ ತಡ, ಓಣಿಓಣಿಯ ಬಾವಿಗಳು ಕಸದ ಡಬ್ಬಿಗಳಾದವು. 1995ರ ಬರ ಬಂದಾಗ ಪಾಲಿಕೆಯವರಿಗೆ ಅವುಗಳ ನೆನಪಾಯಿತು. ಹೂಳು ತೆಗೆಸಿ, ನೀರು ಪರೀಕ್ಷೆ ಮಾಡಿಸಿ, ಪಂಪು ಕೂರಿಸಿ, ಸುತ್ತಲಿನ ಮನೆಗಳಿಗೆ ಪೈಪು ಎಳೆದರು. ಕಸ ಹಾಕಿದ ಕೈಗಳೇ ಕೊಡ ಹಿಡಿದು ಸಾಲು ನಿಂತವು. ಬಾವಿ ಮುಖ ತಿರುಗಿಸಲಿಲ್ಲ, ಅದು ಅದರ ದೊಡ್ಡತನ.

ನಮ್ಮ ಬಾವಿಯ ಹೂಳು ತೆಗೆಯಲು ಬಂದ ಹಿರಿಯನೊಬ್ಬ ಚಪ್ಪಲಿಯನ್ನು ಮೇಲಕ್ಕೆ ಎಸೆಯುತ್ತ ಕೇಳಿದ, “ಬೋರ್ ಹೊಡಸ್ಲಿಲ್ಲೇನ್ರಿ ಸಾಹೇಬ್ರ?” ಇಲ್ಲ ಎಂದೆ. “ಛಲೋ ಮಾಡಿದ್ರಿ. ಬಾವಿ ಅಂದ್ರ ಪಗಾರ, ವರ್ಷಾ ಮಳಿ ಕೊಡತೈತಿ. ಬೋರ್ ಅಂದ್ರ ಅಜ್ಜನ ಗಂಟು, ಬಿಚ್ಚಿ ತಿಂದ್ರ ಮುಗೀತು.” ಭೂಗರ್ಭಶಾಸ್ತ್ರವನ್ನು ಇಷ್ಟು ಸಲೀಸಾಗಿ ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಕೆಂಪು ಜಂಬಿಟ್ಟಿಗೆಯ ನೆಲ ಜುಲೈ ಮಳೆಯನ್ನು ರವೆ ತುಪ್ಪ ಹೀರಿದಂತೆ ಹೀರುತ್ತದೆ. ಬಾವಿಗೆ ಸಿಗುವುದು ಆ ವರ್ಷದ ಗಳಿಕೆ.

ಬಾವಿ ಅಂದಮೇಲೆ ಟಿಳಕವಾಡಿಯ ಕಾಂಗ್ರೆಸ್ ಬಾವಿಯನ್ನು ಬಿಡುವುದು ಹೇಗೆ? 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಅಧಿವೇಶನಕ್ಕೆ ಬಂದವರ ನೀರಡಿಕೆಗೆಂದು ತೋಡಿದ್ದು. ಅದಕ್ಕೆ ಪಂಪಾ ಸರೋವರ ಎಂದು ಹೆಸರಿಟ್ಟರು. ಖರ್ಚು 4,370 ರೂಪಾಯಿ 3 ಆಣೆ. ನನ್ನ ಜೀವ ಸಿಕ್ಕಿಕೊಂಡಿರುವುದು ಆ ಮೂರಾಣೆಯಲ್ಲಿ. ಯಾತಕ್ಕೆ ಹೋಗಿರಬಹುದು? ಹಗ್ಗಕ್ಕೋ, ಗಂಗಾಪೂಜೆಯ ತೆಂಗಿನಕಾಯಿಗೋ? ಏನೇ ಇರಲಿ, ನೀರಿಗೆ ಆಣೆಯ ತನಕ ಲೆಕ್ಕ ಬರೆದವರಿದ್ದರು.

ಮೊನ್ನೆ ನಾನೂ ಲೆಕ್ಕ ಬರೆದೆ. ಹೂಳು ತೆಗೆದವನ ಕೂಲಿ, ಹೊಸ ಹಗ್ಗ, ರಾಟೆಗೆ ಎಣ್ಣೆ. ಮನೆಯಾಕೆ ಇಣುಕಿ ನೋಡಿ, “ಇಷ್ಟು ವರ್ಷ ಕುಡಿದ ನೀರಿಂದು ಎಲ್ಲೈತಿ?” ಎಂದಳು.

ಪೆನ್ನು ಮುಚ್ಚಿ, ಸಂಡಿಗೆಯನ್ನು ಮಾಳಿಗೆ ಮೇಲೆ ಹರವಲು ಹೋದೆ.