ಗೋಣಿಚೀಲ ಮೀಮಾಂಸೆ

ಪೂರೈಕೆ ಸರಪಳಿಯಲ್ಲಿ ಸುಸ್ಥಿರತೆಯ ಮೌಲ್ಯಗಳು ನೆಲೆಗೊಳ್ಳಬೇಕೆಂಬುದು ನವೀನಾಚಾರ್ಯರ ಮತ. ಸೆಬಿಯಂತೂ 2022-23ರಿಂದ ಷೇರುಪೇಟೆಯ ಅಗ್ರ 1,000 ಕಂಪನಿಗಳಿಗೆ ಸುಸ್ಥಿರತೆಯ ವರದಿಯನ್ನು ಕಡ್ಡಾಯ ಮಾಡಿದೆ. ಆ ಸಾವಿರದಲ್ಲಿ ಗದಗ ಎಪಿಎಂಸಿಯ ಗೋಣಿಚೀಲ ಇಲ್ಲ. ಈ ಲೋಪವನ್ನು ತುಂಬುವುದೇ ಪ್ರಸ್ತುತ ಗ್ರಂಥದ ಪ್ರಯೋಜನ.

ಚೀಲಕ್ಕೆ ಅವಸ್ಥೆಗಳು ನಾಲ್ಕು. ಲಕ್ಷ್ಮೇಶ್ವರದ ಶೇಂಗಾ ತುಂಬಿಕೊಂಡು, ಬಾಯಿ ಹೊಲಿಸಿಕೊಂಡು, ಹಮಾಲರ ಬೆನ್ನೇರಿ ದಲಾಲಿ ಅಂಗಡಿಗೆ ಬರುವುದು ಜಾಗ್ರತ್. ಬರಿದಾಗಿ ಅಟ್ಟ ಸೇರಿ ಮುಂದಿನ ಸುಗ್ಗಿಯ ಕನಸು ಕಾಣುವುದು ಸ್ವಪ್ನ. ಇಲಿ ಕಡಿಯಿತೆಂದು ಮೋಕ್ಷ ಸಿಗದು. ದಬ್ಬಣ, ಸುತಳಿ ಹಿಡಿದವರು ತೇಪೆ ಹಾಕಿ ಮತ್ತೆ ಸಂಸಾರಕ್ಕೆ ನೂಕುತ್ತಾರೆ. ತೇಪೆಯೂ ನಿಲ್ಲದಷ್ಟು ಜೀರ್ಣವಾದಾಗ ಹೊಸ್ತಿಲ ಬಳಿ ಕಾಲೊರಸಾಗಿ ಬೀಳುವುದು ಸುಷುಪ್ತಿ. ತುರೀಯದ ವಿಷಯದಲ್ಲಿ ಮಾತ್ರ ಪಂಡಿತರಲ್ಲಿ ಜಗಳ. ಒಂದು ಮೂಲೆಯನ್ನು ಇನ್ನೊಂದರೊಳಗೆ ಸಿಕ್ಕಿಸಿ ಮಳೆಗೆ ತಲೆಯ ಮೇಲೆ ಹೊದೆಯುವ ಕೊಪ್ಪೆಯೇ ತುರೀಯವೆಂದು ಶಿರಹಟ್ಟಿ ಪಕ್ಷ. ತಿಪ್ಪೆ ಸೇರಿ, ಗೊಬ್ಬರವಾಗಿ ಹೊಲಕ್ಕೆ ಹೋಗುವುದೆಂದು ಮುಂಡರಗಿ ಪಕ್ಷ. ನಮ್ಮ ಒಲವು ಮುಂಡರಗಿಗೆ. ಮಳೆ ನಿಂತ ಮೇಲೆ ಅದೇ ಕೊಪ್ಪೆಗೆ ಮೆಣಸಿನಕಾಯಿ ತುಂಬುವವರಿದ್ದಾರೆ. ಅದು ಪುನರ್ಜನ್ಮ, ಮುಕ್ತಿಯಲ್ಲ.

ಪ್ಲಾಸ್ಟಿಕ್ ಚೀಲ ಅಗ್ಗವಲ್ಲವೇ ಎಂಬುದು ಪೂರ್ವಪಕ್ಷ. ಆಹಾರಧಾನ್ಯ, ಸಕ್ಕರೆಯ ಮಟ್ಟಿಗೆ ಸರಕಾರವೇ 1987ರ ಸೆಣಬು ಕಾಯ್ದೆ ಹಿಡಿದು ಗೋಣಿಯ ಪರ ನಿಂತಿದೆ. ಉಳಿದದ್ದಕ್ಕೆ ಕುಮಾರವ್ಯಾಸನ ಊರಿನಿಂದಲೇ ಉತ್ತರ ಕೊಡಬಹುದು: ಪ್ಲಾಸ್ಟಿಕ್ ಭೀಷ್ಮನಂತೆ ಇಚ್ಛಾಮರಣಿ, ಆದರೆ ಅದಕ್ಕೆ ಆ ಇಚ್ಛೆಯೇ ಹುಟ್ಟುವುದಿಲ್ಲ.

 

ಇನ್ನು ಆಚಾರ್ಯರು ಹೇಳುವ ಮೌಲ್ಯ. ಗದಗ ಸೀಮೆಗೆ ಇದು ಹೊಸ ಪದಾರ್ಥವಲ್ಲ. 1905ರಲ್ಲೇ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಗೆ ಸಾಲ ಕೊಡುವ ಸಹಕಾರ ಸಂಘ ಕಟ್ಟಿದರು. ಸರಪಳಿಯ ಮೊದಲ ಕೊಂಡಿ ಸಾಹುಕಾರನ ಕೈಯಲ್ಲಿದ್ದರೆ ಮಿಕ್ಕ ಕೊಂಡಿಗಳು ಯಾರ ಕಾಲಿಗೆ ಬೀಳುತ್ತವೆಂದು ಅವರಿಗೆ ಯಾವ ವರದಿಯೂ ಇಲ್ಲದೆ ಗೊತ್ತಿತ್ತು. ನಮ್ಮ ನವೀನಾಚಾರ್ಯರು ಮಾತ್ರ ಮೊದಲ ಕೊಂಡಿಯನ್ನು ಅಡಿಟಿಪ್ಪಣಿಗೆ ಇಳಿಸಿದ್ದಾರೆ.

ಸಿದ್ಧಾಂತ ಇಷ್ಟು ಗಟ್ಟಿಯಾಗಿ ನಿಂತಿರುವಾಗ ಮಾರುಕಟ್ಟೆಯ ಕಟ್ಟೆಯ ಮೇಲಿಂದ ಒಬ್ಬ ರೈತ ಆಕ್ಷೇಪ ಎತ್ತಿದ: “ತೂಕದಾಗ ಚೀಲದ ಸೂಟು ಮುರಕೊಂಡ್ರಿ. ಚೀಲಾನೂ ನೀವ ಇಟಗೊಂಡ್ರಿ. ಚೀಲದ ರೊಕ್ಕ ಯಾರ ಲೆಕ್ಕದಾಗ ಐತ್ರಿ, ಸರ?”

ಸಮಾಧಾನ ಎರಡನೆಯ ಸಂಪುಟದಲ್ಲಿ. ಮುಂಗಡ ಹಣ ಸ್ವೀಕರಿಸಲಾಗುವುದು.