ಯಾವ ಕಾಲೇಜಿಗೆ ಹೋಗ್ತಾನಂತೆ?

ನವೆಂಬರ್ ಬಂತು ಅಂದರೆ ಈ ಇಂಡಿಯಾನಾದಲ್ಲಿ ಎಲ್ಲಿ ನಿಂತರೂ ಇದೇ ಮಾತು ನೋಡಿ ಇವ್ರೇ. ಕಟಿಂಗ್ ಶಾಪಿನಲ್ಲಿ ಕತ್ತರಿ ಕಿವಿಯ ಹತ್ತಿರ ಇರುವಾಗ, ಪೆಟ್ರೋಲ್ ಹಾಕಿಸುವಾಗ, ಅಂಗಡಿಯಲ್ಲಿ ಬಿಲ್ಲಿನ ಸಾಲಿನಲ್ಲಿ, "ಆ ಹುಡುಗ ಯಾವ ಕಾಲೇಜಿಗೆ ಹೋಗ್ತಾನಂತೆ?" ಹುಡುಗ ಕೇಳಿದವರ ಮಗನಲ್ಲ, ಅಕ್ಕನ ಮಗನೂ ಅಲ್ಲ. ಪಕ್ಕದೂರಿನ ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹದಿನೇಳು ವರ್ಷದ ಒಬ್ಬ ಉದ್ದನೆಯ ಹುಡುಗ, ಅಷ್ಟೇ. ಅವನ ಎತ್ತರ ಇವರಿಗೆ ಗೊತ್ತು, ಎಡಗೈ ಎಷ್ಟು ಓಡುತ್ತೆ ಗೊತ್ತು, ಅವನ ಚಿಕ್ಕಪ್ಪ ಯಾವ ವರ್ಷ ಸೆಕ್ಷನಲ್ ಫೈನಲ್‌ನಲ್ಲಿ ಫ್ರೀ ಥ್ರೋ ತಪ್ಪಿಸಿದ ಅನ್ನೋದೂ ಗೊತ್ತು. ಊರಿಗೂರೇ ಒಬ್ಬ ಹುಡುಗನ ಅಡ್ಮಿಷನ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳೋದು ನನಗಂತೂ ತುಂಬಾ ಇಷ್ಟ. ನಾನೂ ನಿಂತು ಕೇಳ್ತೀನಿ.

ನೀವು ನ್ಯೂ ಕ್ಯಾಸಲ್ ಕಡೆ ಹೋಗಿದ್ದೀರಾ? ನಮ್ಮ ಇಂಡಿಯಾನಾಪೊಲಿಸ್‌ನಿಂದ ಪೂರ್ವಕ್ಕೆ ಒಂದು ಗಂಟೆ ದಾರಿ. ಊರಿನ ಜನ ಹದಿನೇಳು ಹದಿನೆಂಟು ಸಾವಿರ, ಹೈಸ್ಕೂಲಿನ ಜಿಮ್‌ನಲ್ಲಿ ಕೂರೋಕೆ ಎಂಟು ಸಾವಿರಕ್ಕೂ ಮೇಲೆ ಜಾಗ. ಜಗತ್ತಿನಲ್ಲೇ ದೊಡ್ಡ ಹೈಸ್ಕೂಲ್ ಜಿಮ್ ಅಂತ ಹೆಸರು. ಊರಲ್ಲಿ ಅರ್ಧ ಮಂದಿ ಒಳಗೆ ಕೂತರೆ ಉಳಿದರ್ಧ ಮನೆ ಕಾಯಬಹುದು, ಅಲ್ವಾ? ಅಮೆರಿಕದ ಅತಿ ದೊಡ್ಡ ಹೈಸ್ಕೂಲ್ ಜಿಮ್‌ಗಳಲ್ಲಿ ಹೆಚ್ಚಿನವು ಈ ಒಂದೇ ರಾಜ್ಯದಲ್ಲಿವೆ. ಮೆಕ್ಕೆಜೋಳ, ಸೋಯಾಬೀನ್ ಬೆಳೆಯುವ ಸಣ್ಣಸಣ್ಣ ಊರುಗಳು, ಚಳಿಗಾಲದಲ್ಲಿ ಹೊಲದಲ್ಲಿ ಕೆಲಸ ಇಲ್ಲ, ಸಂಜೆ ಐದೂವರೆಗೇ ಕತ್ತಲು. ಶುಕ್ರವಾರ ರಾತ್ರಿ ಬೆಳಕು, ಬಿಸಿ, ಜನ ಮೂರೂ ಒಟ್ಟಿಗೆ ಸಿಗುವ ಜಾಗ ಅಂದರೆ ಶಾಲೆಯ ಜಿಮ್. ಸ್ಟೀವ್ ಆಲ್ಫರ್ಡ್ ಆ ನ್ಯೂ ಕ್ಯಾಸಲ್‌ನವನೇ. ಅಪ್ಪನೇ ಕೋಚ್. 1983ರಲ್ಲಿ ರಾಜ್ಯದ ಮಿಸ್ಟರ್ ಬ್ಯಾಸ್ಕೆಟ್‌ಬಾಲ್ ಆಗಿ, ಬ್ಲೂಮಿಂಗ್ಟನ್‌ಗೆ ಇಂಡಿಯಾನಾ ಯೂನಿವರ್ಸಿಟಿಯ ಕೋಚ್ ಬಾಬಿ ನೈಟ್ ಹತ್ತಿರ ಹೋಗಿ, 1987ರಲ್ಲಿ ಕಾಲೇಜುಗಳ ರಾಷ್ಟ್ರ ಚಾಂಪಿಯನ್‌ಷಿಪ್ ಗೆದ್ದ.

ಈ ಮಿಸ್ಟರ್ ಬ್ಯಾಸ್ಕೆಟ್‌ಬಾಲ್ ಪದವಿಯದ್ದೂ ಒಂದು ಸೊಗಸು. ಸಾಮಾನ್ಯವಾಗಿ ವರ್ಷಕ್ಕೆ ಒಬ್ಬ ಸೀನಿಯರ್‌ಗೆ. ಜೂನ್‌ನಲ್ಲಿ ಕೆಂಟಕಿಯ ಹುಡುಗರ ಮೇಲೆ ಇಂಡಿಯಾನಾದ ಆಲ್‌ಸ್ಟಾರ್ ತಂಡ ಆಡುತ್ತಲ್ಲ, ಅದರಲ್ಲಿ ಒಂದನೇ ನಂಬರಿನ ಬನಿಯನ್ ಅವನಿಗೇ ಮೀಸಲು. 1939ರಲ್ಲಿ ಮೊಟ್ಟಮೊದಲು ಆ ಗೌರವ ಪಡೆದ ಜಾರ್ಜ್ ಕ್ರೋ ಆಮೇಲೆ ದೊಡ್ಡ ಹೆಸರು ಮಾಡಿದ್ದು ಬೇಸ್‌ಬಾಲ್‌ನಲ್ಲಿ!

ಮೈಲನ್ ಅನ್ನೋ ಹಳ್ಳಿಯ ಶಾಲೆ ರಾಜ್ಯ ಗೆದ್ದ ಕಥೆ ನಿಮಗೆ ಗೊತ್ತೇ ಇದೆ, ಸಿನಿಮಾ ನೋಡಿದ್ದೀರಲ್ಲ. 161 ಮಕ್ಕಳ ಶಾಲೆ, 1954, ಮನ್ಸಿ ಸೆಂಟ್ರಲ್ ಮೇಲೆ 32-30. ನನಗೆ ಗೆಲ್ಲಿಸಿದ ಆ ಕೊನೇ ಶಾಟ್‌ಗಿಂತ ಅದಕ್ಕೆ ಮುಂಚಿನದ್ದು ಹೆಚ್ಚು ಇಷ್ಟ. ಬಾಬಿ ಪ್ಲಂಪ್ ನಾಲ್ಕನೇ ಕ್ವಾರ್ಟರ್‌ನಲ್ಲಿ ಚೆಂಡು ಹಿಡ್ಕೊಂಡು ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಸುಮ್ಮನೆ ನಿಂತಿದ್ದ. ಆಡಲಿಲ್ಲ, ಕೊಡಲಿಲ್ಲ. ಆಗ ಶಾಟ್ ಕ್ಲಾಕ್ ಇರಲಿಲ್ಲ ಬಿಡಿ. ಬಟ್ಲರ್ ಯೂನಿವರ್ಸಿಟಿಯ ಫೀಲ್ಡ್‌ಹೌಸ್ ತುಂಬ ಜನ, ಎಲ್ಲರೂ ಅವನ ಮುಖ ನೋಡ್ತಾ ಇದ್ದಾರೆ, ಆ ಹಳ್ಳಿ ಹುಡುಗ ಬಸ್ಸಿಗೆ ಕಾಯೋ ಹಾಗೆ ನಿಂತಿದ್ದಾನೆ. ಎಂಥ ಗುಂಡಿಗೆ ಅಂತೀನಿ! ಆಮೇಲೆ ಯಾವ ಕಾಲೇಜಿಗೆ ಹೋದ ಗೊತ್ತಾ? ಬಟ್ಲರ್‌ಗೇ. ಗೆದ್ದ ಅಂಗಳದಲ್ಲೇ ನಾಲ್ಕು ವರ್ಷ ಆಡಿದ. ಇಂಥ ಸೀದಾ ದಾರಿ ಎಲ್ಲರಿಗೂ ಸಿಗೋದಿಲ್ಲ ನೋಡಿ.

ಯಾವ ಕಾಲೇಜಿಗೆ ಅನ್ನೋ ಈ ಪ್ರಶ್ನೆ ಕೇಳಿದಾಗ ನನಗೆ ಬೆಂಗಳೂರು ನೆನಪಾಗುತ್ತೆ. ನಮ್ಮ ಬಡಾವಣೆಯ ಕ್ಲಬ್ಬಿನ ಸಿಮೆಂಟ್ ಕೋರ್ಟ್ ಸುತ್ತ ಸಂಜೆ ಹೊತ್ತು ಕಾಂಪೌಂಡ್ ಮೇಲೆ ಹತ್ತಿ ಕೂರ್ತಿದ್ವಿ. ದೊಡ್ಡವರು ಕಡ್ಲೆಕಾಯಿ ಬಿಡಿಸ್ತಾ ಒಬ್ಬ ಹುಡುಗನ ಕಡೆ ಕೈ ತೋರಿಸಿ ಕೇಳೋರು, "ಯಾವ ಬ್ಯಾಂಕಿಗೆ ಸೇರ್ತಾನಂತೆ?" ಕಾಲೇಜಲ್ಲ, ಬ್ಯಾಂಕು! ಆಗ ವಿಜಯಾ ಬ್ಯಾಂಕಿಗೆ ಬಲವಾದ ಬ್ಯಾಸ್ಕೆಟ್‌ಬಾಲ್ ತಂಡ ಇತ್ತು, ರೈಲ್ವೆಯದ್ದು ಇತ್ತು. ಚೆನ್ನಾಗಿ ಆಡೋ ಹುಡುಗನಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಒಂದು ಕೆಲಸ. ಅವನಮ್ಮನ ಕಣ್ಣಿಗೆ ಬುಟ್ಟಿಗೆ ಬಿದ್ದ ಚೆಂಡಿಗಿಂತ ತಿಂಗಳ ಕೊನೆಯ ಸಂಬಳವೇ ದೊಡ್ಡದು, ಅದರಲ್ಲಿ ತಪ್ಪೇನೂ ಇಲ್ಲ. ಇಲ್ಲಿನ ಸ್ಕಾಲರ್‌ಷಿಪ್ಪೂ ಹಾಗೇ ತಾನೇ? ಫೀಸು, ಊಟ, ವಸತಿ ಎಲ್ಲಾ ಕಾಲೇಜಿನದ್ದು. ಎರಡೆರಡು ಕಡೆ ದುಡಿಯುವ ಮನೆಗೆ ಅದು ಬಂತು ಅಂದರೆ ಹಬ್ಬ. ಅದಕ್ಕೇ ಈ ಪ್ರಶ್ನೆಯನ್ನ ಬರೀ ಆಟದ ಹುಚ್ಚು ಅಂತ ತಳ್ಳಿಹಾಕೋಕೆ ನನಗೆ ಮನಸ್ಸು ಬರೋಲ್ಲ.

ಆದರೆ ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದೂ ಉಂಟು. ಡೇಮನ್ ಬೇಯ್ಲಿ ಎಂಟನೇ ಕ್ಲಾಸಿನಲ್ಲಿದ್ದಾಗಲೇ ಬಾಬಿ ನೈಟ್ ಹೋಗಿ ನೋಡಿ ಬಂದು, ಈಗ ನಮ್ಮಲ್ಲಿರೋ ಗಾರ್ಡ್‌ಗಳಿಗಿಂತ ಇವನೇ ವಾಸಿ ಅಂದುಬಿಟ್ಟರು. ಅದು 1986ರಲ್ಲಿ ಜಾನ್ ಫೈನ್‌ಸ್ಟೀನ್ ಪುಸ್ತಕದಲ್ಲಿ ಅಚ್ಚಾಯಿತು. ಮೀಸೆ ಚಿಗುರದ ಹುಡುಗ, ದೇಶಕ್ಕೆಲ್ಲ ಹೆಸರು! ಅಲ್ಲಿಂದ ನಾಲ್ಕು ವರ್ಷ ಅವನು ಎಲ್ಲಿ ಆಡಿದರೂ ಜಿಮ್ ಭರ್ತಿ. 1990ರ ಸ್ಟೇಟ್ ಫೈನಲ್ ನೋಡೋಕೆ ಹೂಸಿಯರ್ ಡೋಮ್‌ಗೆ ಬಂದವರು 41,046 ಜನ. ಹೈಸ್ಕೂಲ್ ಆಟಕ್ಕೆ ಇವ್ರೇ! ಅವನ ಬೆಡ್‌ಫರ್ಡ್ ನಾರ್ತ್ ಲಾರೆನ್ಸ್ ತಂಡ ಹಿಂದೆ ಬಿದ್ದಿತ್ತು, ಕೊನೆಯ ಹನ್ನೊಂದು ಪಾಯಿಂಟನ್ನೂ ಅವನೊಬ್ಬನೇ ಹಾಕಿ ಗೆಲ್ಲಿಸಿದ. ಹೈಸ್ಕೂಲಿನಲ್ಲಿ ಹಾಕಿದ ಒಟ್ಟು ಪಾಯಿಂಟು 3,134, ರಾಜ್ಯದ ದಾಖಲೆ. ಮುಂದೆ ನೈಟ್ ಹತ್ತಿರವೇ ನಾಲ್ಕು ವರ್ಷ ಚೆನ್ನಾಗೇ ಆಡಿದ. ಎನ್‌ಬಿಎಯಲ್ಲಿ ಮಾತ್ರ ಒಂದು ಲೀಗ್ ಆಟವನ್ನೂ ಆಡಲಿಲ್ಲ, ಮಂಡಿ ಕೈಕೊಟ್ಟಿತು. ಅದನ್ನ ಹೇಳಿ ಕೆಲವರು ತಲೆ ಆಡಿಸ್ತಾರೆ. ನಾನು ಒಪ್ಪೋಲ್ಲ. ನಲವತ್ತೊಂದು ಸಾವಿರ ಜನರ ಮುಂದೆ ಹದಿನೆಂಟರ ಹುಡುಗ ಅಂಥ ಆಟ ಆಡಿದ್ದಾನೆ, ಇನ್ನೇನು ಬೇಕು?

ಈ ರಿಕ್ರೂಟಿಂಗ್ ನಿಯಮಗಳನ್ನ ಯಾವತ್ತಾದರೂ ಓದಿದ್ದೀರಾ? ಕಾಲೇಜು ಆಟಗಳನ್ನ ನಡೆಸೋ ಎನ್‌ಸಿಎಎ ಪುಸ್ತಕ ತೆಗೆದರೆ ಹೊತ್ತು ಹೋದದ್ದೇ ತಿಳಿಯೋಲ್ಲ. ಜುಲೈನಲ್ಲಿ ಬೇಸಿಗೆ ಪಂದ್ಯ ನಡೆಯುತ್ತಲ್ಲ, ಸೌತ್ ಕೆರೊಲೈನಾದ ನಾರ್ತ್ ಅಗಸ್ಟಾದಲ್ಲಿ ಪೀಚ್ ಜ್ಯಾಮ್ ಅಂತ, ಅಲ್ಲಿ ದೇಶದ ದೊಡ್ಡದೊಡ್ಡ ಕೋಚ್‌ಗಳೆಲ್ಲ ಕಾಲೇಜಿನ ಹೆಸರು ಎದ್ದು ಕಾಣುವ ಅಂಗಿ ತೊಟ್ಟು ಅಂಗಳದ ಅಂಚಿನಲ್ಲೇ ಕೈಕಟ್ಟಿ ಕೂತಿರ್ತಾರೆ. ಹುಡುಗನ ಜೊತೆ ನಿಂತು ಮಾತಾಡೋ ಹಾಗಿಲ್ಲ. ಬರೀ ನೋಡಬೇಕು, ತಾನು ನೋಡ್ತಾ ಇದೀನಿ ಅನ್ನೋದು ಅವನಿಗೆ ಕಾಣಬೇಕು! 2007ರಿಂದ 2012ರವರೆಗೆ ಮೊಬೈಲ್ ಮೆಸೇಜೂ ಕಳಿಸೋ ಹಾಗಿರಲಿಲ್ಲ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಬೇಗಲ್ ಕಾನೂನು. ಕಾಲೇಜಿಗೆ ಸೇರಿದ ಹುಡುಗರಿಗೆ ಊಟದ ಹೊತ್ತಲ್ಲದೆ ಹಣ್ಣು, ಬೀಜ, ಬೇಗಲ್ ಕೊಡಬಹುದು, ಬೇಗಲ್ ಮೇಲೆ ಕ್ರೀಮ್ ಚೀಸ್ ಸವರಿದರೆ ಅದು ಊಟದ ಲೆಕ್ಕ, ಕೂಡದು. 2013ರಲ್ಲಿ ಅದನ್ನ ತೆಗೆದುಹಾಕುವವರೆಗೂ ಹೀಗೇ ಇತ್ತು. ದೋಸೆ ಹಾಕಿಕೊಡು, ಚಟ್ನಿ ಮಾತ್ರ ಬಡಿಸಬೇಡ ಅಂದ ಹಾಗೆ! ಹಸಿದ ಹುಡುಗನ ತಟ್ಟೆಗೆ ಸಮಿತಿ ಕೂತು ಗೆರೆ ಎಳೆಯೋದು ಯಾವ ನ್ಯಾಯ ಹೇಳಿ.

ಇನ್ನು ಸ್ಟಾರ್ ಲೆಕ್ಕ. ಐದು ಸ್ಟಾರ್ ಹುಡುಗ, ನಾಲ್ಕು ಸ್ಟಾರ್ ಹುಡುಗ ಅಂತ ಪಟ್ಟಿ ಮಾಡೋರು ಹುಡುಗ ಎಲ್ಲಿಗೆ ಹೋಗ್ತಾನೆ ಅನ್ನೋದಕ್ಕೂ ಶೇಕಡಾವಾರು ಭವಿಷ್ಯ ಹೇಳ್ತಾರೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತ ನಮ್ಮಲ್ಲಿ ಅಂತಾರಲ್ಲ, ಈ ಆಟದಲ್ಲಿ ಅದು ಪೂರ್ತಿ ನಿಜ ಅಲ್ಲ ನೋಡಿ. ಶಿಕಾಗೋದ ಆಂಥನಿ ಡೇವಿಸ್‌ನನ್ನ ಮೊದಲು ಕೇಳಿದ್ದು ಕ್ಲೀವ್‌ಲ್ಯಾಂಡ್ ಸ್ಟೇಟ್ ಒಂದೇ. ಹೈಸ್ಕೂಲ್ ಮುಗಿಯೋದರೊಳಗೆ ಹುಡುಗ ಎಂಟು ಇಂಚು ಬೆಳೆದುಬಿಟ್ಟ! ಪ್ಯಾಂಟು ಹೊಲಿಸಿಕೊಟ್ಟ ಅಪ್ಪ ಅಮ್ಮನ ಗತಿ ಏನಾಗಿರಬೇಕು, ಅಲ್ವಾ? ಕೆಂಟಕಿಗೆ ಹೋಗಿ 2012ರಲ್ಲಿ ಚಾಂಪಿಯನ್‌ಷಿಪ್, ಅದೇ ವರ್ಷ ಎನ್‌ಬಿಎ ಡ್ರಾಫ್ಟ್‌ನಲ್ಲಿ ಮೊದಲನೆಯವನು. ಸ್ಟೆಫ್ ಕರಿಯ ಅಪ್ಪ ವರ್ಜೀನಿಯಾ ಟೆಕ್‌ನಲ್ಲಿ ಆಡಿ ಹೆಸರು ಮಾಡಿದವರು. ಮಗನಿಗೆ ಆ ಕಾಲೇಜು, ಬೇಕಾದರೆ ಸ್ಕಾಲರ್‌ಷಿಪ್ ಇಲ್ಲದೆ ಬಾ ಅಂದಿತು. ಹಿತ್ತಲ ಗಿಡ ಮದ್ದಲ್ಲ, ಇನ್ನೇನು. ಪುಟ್ಟ ಡೇವಿಡ್‌ಸನ್ ಕಾಲೇಜು ಕರೀತು, 2008ರಲ್ಲಿ ಅವನು ಆ ಕಾಲೇಜಿನ ಹೆಸರನ್ನ ದೇಶಕ್ಕೆಲ್ಲ ಗೊತ್ತು ಮಾಡಿದ.

ಅದಕ್ಕಿಂತ ಸ್ವಾರಸ್ಯ ಜಾ ಮೊರಾಂಟ್‌ದು. ಮರೀ ಸ್ಟೇಟ್ ಅನ್ನೋ ಕಾಲೇಜಿನ ಸಹಾಯಕ ಕೋಚ್ ಜೇಮ್ಸ್ ಕೇನ್ ಒಂದು ಕ್ಯಾಂಪಿನಲ್ಲಿ ಬೇರೆ ಯಾರನ್ನೋ ನೋಡೋಕೆ ಹೋಗಿದ್ದಾರೆ. ಹೊಟ್ಟೆ ಚುರುಗುಟ್ಟಿತು, ತಿನ್ನೋಕೆ ಏನಾದರೂ ಸಿಗುತ್ತಾ ಅಂತ ಎದ್ದು ಹೋದರು. ಪಕ್ಕದ ಸಣ್ಣ ಜಿಮ್‌ನಲ್ಲಿ ಚೆಂಡು ಪುಟಿಯೋ ಸದ್ದು. ಇಣುಕಿದರೆ ಮೂರು ಮೂರು ಜನರ ಆಟ, ಅದರಲ್ಲೊಬ್ಬ ತೆಳ್ಳನೆಯ ಹುಡುಗ. ಆ ಹುಡುಗ 2019ರ ಡ್ರಾಫ್ಟ್‌ನಲ್ಲಿ ಎರಡನೆಯವನು. ಕೇನ್‌ಗೆ ಆವತ್ತು ಹಸಿವಾಗದೇ ಇದ್ದಿದ್ದರೆ? ಇಂಥ ಎಷ್ಟು ಸಣ್ಣ ಜಿಮ್‌ಗಳ ಬಾಗಿಲಲ್ಲಿ ಯಾರೂ ಇಣುಕಲಿಲ್ಲವೋ ಅಂತ ನನಗೆ ಆಗಾಗ ಅನ್ನಿಸುತ್ತೆ. ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡೋ ಹುಡುಗರು ದೇಶದಲ್ಲಿ ಐದು ಲಕ್ಷದ ಮೇಲಿದ್ದಾರೆ. ಡಿವಿಷನ್ ಒನ್ ಕಾಲೇಜಿಗೆ ಹೋಗೋದು ನೂರಕ್ಕೆ ಹೆಚ್ಚುಕಮ್ಮಿ ಒಬ್ಬ.

ಊರಿನ ಈ ಅಕ್ಕರೆ ಎಲ್ಲರಿಗೂ ಒಂದೇ ಸಮ ಸಿಕ್ಕಿತ್ತು ಅಂತಲೂ ತಿಳೀಬೇಡಿ. ನಮ್ಮ ಇಂಡಿಯಾನಾಪೊಲಿಸ್‌ನ ಕ್ರಿಸ್ಪಸ್ ಅಟಕ್ಸ್ ಶಾಲೆ ಇದೆಯಲ್ಲ, 1927ರಲ್ಲಿ ಕಪ್ಪು ಮಕ್ಕಳನ್ನ ಬೇರೆ ಕೂರಿಸೋಕೆ ಅಂತಲೇ ಕಟ್ಟಿದ್ದು. ಜಿಮ್ ಎಷ್ಟು ಚಿಕ್ಕದು ಅಂದರೆ ತಮ್ಮ ಆಟಗಳನ್ನೇ ಬೇರೆ ಕಡೆ ಆಡಬೇಕಾಗಿತ್ತು. ಆಸ್ಕರ್ ರಾಬರ್ಟ್‌ಸನ್ ಇದ್ದ ಆ ತಂಡ 1955ರಲ್ಲೂ 1956ರಲ್ಲೂ ರಾಜ್ಯ ಗೆದ್ದಿತು, ಎರಡನೇ ಸಲ ಒಂದೂ ಆಟ ಸೋಲದೆ. ಮೊದಲ ಸಲ ಗೆದ್ದಾಗ ಗೆದ್ದವರ ಮೆರವಣಿಗೆಯನ್ನ ಊರ ನಡುವಿನ ಸ್ಮಾರಕದ ಹತ್ತಿರ ನಿಲ್ಲೋಕೆ ಬಿಡದೆ ಕಪ್ಪು ಜನರ ಕೇರಿಯ ಪಾರ್ಕಿಗೆ ಕಳಿಸಿದರು. ಆ ನೋವನ್ನ ರಾಬರ್ಟ್‌ಸನ್ ವಯಸ್ಸಾದ ಮೇಲೂ ಮರೆಯಲಿಲ್ಲ. ಬ್ಲೂಮಿಂಗ್ಟನ್‌ಗೆ ಕಾಲೇಜು ನೋಡೋಕೆ ಹೋದಾಗ ಅಲ್ಲಿನ ಕೋಚ್ ಬ್ರಾಂಚ್ ಮೆಕ್ರಾಕನ್, ನೀನು ದುಡ್ಡು ಕೇಳೋ ಹುಡುಗ ಅಲ್ಲ ತಾನೇ ಅನ್ನೋ ಅರ್ಥದ ಮಾತು ಆಡಿದರು, ಅಲ್ಲಿಗೆ ಮುಗೀತು ಅಂತ ಅವರೇ ಬರೆದುಕೊಂಡಿದ್ದಾರೆ. ಹುಡುಗ ಎದ್ದು ಬಂದ, ಸಿನ್ಸಿನಾಟಿಗೆ ಹೋದ. ಒಂದು ಮಾತಿಗೆ ಇಂಡಿಯಾನಾ ತನ್ನ ಮನೆಯ ಅತಿ ದೊಡ್ಡ ಆಟಗಾರನನ್ನ ಕಳಕೊಂಡಿತು. ಸರಿಯಾದದ್ದೇ ಆಯಿತು ಅಂತೀನಿ ನಾನು.

ಈಗ ದುಡ್ಡಿನ ಮಾತು ಬಾಯಿಬಿಟ್ಟೇ ಆಡಬಹುದು, 2021ರ ಜುಲೈಯಿಂದ. ನನಗೆ ಅದು ಸಂತೋಷವೇ. ಜಿಮ್ ತುಂಬಿಸೋದು ಹುಡುಗ, ಅವನಿಗೂ ನಾಲ್ಕು ಕಾಸು ಸಿಗಲಿ. ನನಗೆ ಬೇಜಾರಾಗೋದು ಟ್ರಾನ್ಸ್‌ಫರ್ ಪೋರ್ಟಲ್ ವಿಷಯ. ಮುಂಚೆ ಕಾಲೇಜು ಬದಲಾಯಿಸಿದರೆ ಒಂದು ವರ್ಷ ಬೆಂಚಿನ ಮೇಲೆ ಕೂರಬೇಕಿತ್ತು, 2021ರಿಂದ ಅದಿಲ್ಲ. ಈಗ ಕೋಚ್ ಏನು ಯೋಚಿಸ್ತಾರೆ? ಹದಿನೆಂಟರ ಹುಡುಗನನ್ನ ತಂದು ಮೂರು ವರ್ಷ ಸಾಕಿ ಬೆಳೆಸೋದಕ್ಕಿಂತ, ಬೇರೆ ಕಾಲೇಜಿನಲ್ಲಿ ಬೆಳೆದು ನಿಂತ ಇಪ್ಪತ್ತೆರಡರ ಗಂಡಸನ್ನ ಕರೆದುಕೊಂಡರೆ ಆಯಿತು. ತಂಡದಲ್ಲಿ ಜಾಗ ಇರೋದೇ ಹದಿನೈದು. 2025ರಲ್ಲಿ ಡೇರಿಯನ್ ಡಿವ್ರೀಸ್ ಹೊಸ ಕೋಚ್ ಆಗಿ ಬಂದಾಗ ಬ್ಲೂಮಿಂಗ್ಟನ್ ತಂಡದ ಬಹುಪಾಲು ಹುಡುಗರು ಪೋರ್ಟಲ್‌ನಿಂದಲೇ ಬಂದವರು. ಅದೇ ವರ್ಷದ ಮಿಸ್ಟರ್ ಬ್ಯಾಸ್ಕೆಟ್‌ಬಾಲ್, ಗ್ರೀನ್‌ಫೀಲ್ಡ್‌ನ ಬ್ರೇಲನ್ ಮುಲಿನ್ಸ್, ಕನೆಕ್ಟಿಕಟ್‌ಗೆ ಹೊರಟ. ಅಂಥವನಿಗೆ ಎಲ್ಲಿ ಹೋದರೂ ಜಾಗ ಇದೆ ಬಿಡಿ. ಸಂಕಟ ಅವನ ಕೆಳಗಿನ ಸಾಲಿನವರದು. ಎರಡು ಸ್ಟಾರು, ಮೂರು ಸ್ಟಾರು, ಇನ್ನೂ ಎರಡಿಂಚು ಬೆಳೆಯಬಹುದಾದ ಹುಡುಗ. ಬಾ, ನಾವು ತಿದ್ದಿ ತೀಡ್ತೀವಿ ಅನ್ನೋರು ಅವನಿಗೆ ಕಡಿಮೆಯಾಗಿದ್ದಾರೆ.

ಹುಡುಗ ಹೆಚ್ಚು ದಿನ ಒಂದೇ ಕಡೆ ನಿಲ್ಲದಿದ್ದರೂ ಊರಿನ ಅಕ್ಕರೆ ಸುಳ್ಳಲ್ಲ ನೋಡಿ. 2018ರ ಏಪ್ರಿಲ್ 30ರಂದು ನ್ಯೂ ಆಲ್ಬನಿಯಲ್ಲಿ ರೋಮಿಯೋ ಲ್ಯಾಂಗ್‌ಫರ್ಡ್ ಶಾಲೆಯ ಜಿಮ್‌ನಲ್ಲೇ ನಿಂತು ಇಂಡಿಯಾನಾ ಯೂನಿವರ್ಸಿಟಿಗೆ ಹೋಗ್ತೀನಿ ಅಂದಾಗ ಸಾವಿರಾರು ಜನ ಛಾವಣಿ ಕಿತ್ತುಹೋಗೋ ಹಾಗೆ ಕೂಗಿದರು. ಅವನು ಅಲ್ಲಿ ಆಡಿದ್ದು ಒಂದೇ ವರ್ಷ. ಆ ಕೂಗು ಸುಳ್ಳಾಯಿತಾ? ಇಲ್ಲ. ನಾಲ್ಕು ವರ್ಷ ಅವನನ್ನ ನೋಡಿದ್ದರಲ್ಲ, ಸೈನ್ ಹಾಕಿಸಿಕೊಳ್ಳೋಕೆ ಬಂದ ಮಕ್ಕಳ ಸಾಲು ಮುಗಿಯೋವರೆಗೆ ಅವನು ನಿಂತಿರ್ತಿದ್ದನಲ್ಲ.

ಆದರೆ ಪೋರ್ಟಲ್ ಬಂದ ಮೇಲೆ ನಾನು ಸ್ಟಾರ್ ಇಲ್ಲದ ಹುಡುಗರ ವಿಚಾರ ಹೆಚ್ಚು ಕೇಳ್ತೀನಿ. ಅವರು ಸಣ್ಣ ಕಾಲೇಜುಗಳಿಗೆ ಹೋಗ್ತಾರೆ, ಅಲ್ಲಿ ಆಟ ಏನು ಕಮ್ಮಿ ಅಂದುಕೊಂಡಿರಿ? ಮೇರಿಯನ್ ಊರಿನ ಇಂಡಿಯಾನಾ ವೆಸ್ಲಿಯನ್ ಸಣ್ಣ ಕಾಲೇಜುಗಳ ರಾಷ್ಟ್ರ ಪ್ರಶಸ್ತಿಯನ್ನ 2014, 2016, 2018ರಲ್ಲಿ ಗೆದ್ದಿದೆ. ಇಲ್ಲಿಂದ ಒಂದೂಕಾಲು ಗಂಟೆ, ಟಿಕೆಟ್ಟಿಗೆ ಕಿತ್ತಾಟ ಇಲ್ಲ. ಮುಂದಿನ ತಿಂಗಳು ಹೋಗೋಣ, ನಿಮ್ಮ ಮನೆಯವರನ್ನೂ ಕರೆದುಕೊಂಡು ಬನ್ನಿ. ಅದಕ್ಕೆ ಮುಂಚೆ ಈ ಶುಕ್ರವಾರ ನಮ್ಮ ಹೈಸ್ಕೂಲಿನಲ್ಲೇ ಇದೆ. ದೊಡ್ಡ ಹುಡುಗರ ಆಟ ಏಳೂವರೆಗೆ, ನೀವು ಆರಕ್ಕೇ ಬಂದುಬಿಡಿ. ಮೊದಲು ಜೂನಿಯರ್ ವಾರ್ಸಿಟಿ ಆಡ್ತಾರೆ, ಅದರಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಎಡಗೈ ಹುಡುಗ ಇದ್ದಾನೆ, ಅವನನ್ನ ನೀವು ನೋಡಲೇಬೇಕು.